ಗುಂಡಿಗೆ ಟಿಕೆಟ್ ಕೊಟ್ಟ ಕಂಡಕ್ಟರಮ್ಮ

"ನಾಯಿ ಎಳೆದಾಗ ನಾವೂ ಎಳೀಬಾರದು. ಮರದ ಹಾಗೆ ನಿಂತುಬಿಡಬೇಕು. ನೋಡಿ, ಹೀಗೆ" ಎಂದು ಹೇಳಿ ಕಂಡಕ್ಟರಮ್ಮ ನಮ್ಮ ಕಟ್ಟಡದ ಅಂಗಳದಲ್ಲಿ ಮರವಾಗಿ ನಿಂತರು. ಒಂದು ಕೈಯಲ್ಲಿ ಗುಂಡಿ ಎಂಬ ನಾಯಿಯ ಹಗ್ಗ, ಇನ್ನೊಂದು ಕೈ ಸೊಂಟದ ಮೇಲೆ. ಪಾಠ ನೋಡಲು ಎಂಟು ಜನ ಸೇರಿದ್ದರು. ಬಾಲ್ಕನಿಯ ಪ್ರೇಕ್ಷಕರು ಬೇರೆ.

ಮರ ಚೆನ್ನಾಗಿಯೇ ನಿಂತಿತ್ತು. ಗುಂಡಿ ಕುತೂಹಲದಿಂದ ಅದಕ್ಕೆ ಒಂದು ಸುತ್ತು ಬಂದಳು, ಮೂಸಿದಳು, ಮನಸ್ಸಿಗೆ ಒಪ್ಪಿಗೆಯಾಯಿತೋ ಏನೋ, ಇನ್ನೆರಡು ಸುತ್ತು ಬಂದಳು. ಹಗ್ಗ ಕಾಲಿಗೆ ಮೂರು ಸುತ್ತಾಗುವುದಕ್ಕೂ ಲಿಫ್ಟಿನ ಬಾಗಿಲು ತೆರೆದು ಕಟ್ಟಡದ ಸೆಕ್ರೆಟರಿಯವರ ಮಿಠಾಯಿ ಎಂಬ ಬಿಳಿ ನಾಯಿ ಹೊರಗೆ ಕಾಲಿಡುವುದಕ್ಕೂ ಸರಿಹೋಯಿತು. ಗುಂಡಿ ಬೊಗಳುತ್ತಾ ನೆಗೆದಳು. ಮರ ಬುಡಸಮೇತ ಉರುಳಿ ಹೂಕುಂಡಗಳ ಸಾಲಿಗೆ ಬಿತ್ತು.

ಎತ್ತಲು ನಾಲ್ಕು ಜನ ಓಡಿ ಬಂದರು. ನಗು ಬಚ್ಚಿಡಲು ಉಳಿದ ನಾಲ್ಕು ಜನ ಆ ಕಡೆ ಓಡಿದರು. ಕಂಡಕ್ಟರಮ್ಮ ತಲೆಯ ಮೇಲಿನ ಮಣ್ಣನ್ನೂ ಒರೆಸಿಕೊಳ್ಳದೆ, ಕೂತಲ್ಲಿಂದಲೇ ಕೇಳಿದರು.

"ಇವಳು ಬಾಯಿ ಬಿಟ್ಟಾಗ ಆ ನಾಯಿ ಎಷ್ಟು ಹೆಜ್ಜೆ ದೂರ ಇತ್ತು? ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ.

"ಛೆ, ಸುಮ್ಮನೆ ಬಿದ್ದ ಹಾಗಾಯ್ತು" ಎಂದರು. ಬಿದ್ದದ್ದಕ್ಕೆ ಬೇಸರವಿಲ್ಲ, ಲೆಕ್ಕ ಸಿಗದ್ದಕ್ಕೆ ಬೇಸರ. ಅವರ ಸ್ವಭಾವವೇ ಅಂಥದು.

ಗುಂಡಿ ನೆಲಮಹಡಿಯ ಟೈಲರ್ ದಂಪತಿಯ ನಾಯಿ. ಕಂದು ಬಣ್ಣ, ನಡುವೆ ಅಂಗಿಯ ಗುಂಡಿಗಳನ್ನು ಹೊಲಿದಂತೆ ನಾಲ್ಕು ಬಿಳಿ ಚುಕ್ಕೆ. ಟೈಲರ್ ಮನೆಯಲ್ಲಿ ಬಾಲವೆಂಬ ನಿಜವಾದ ಟೈಲು ಇದ್ದದ್ದು ಅವಳೊಬ್ಬಳಿಗೇ. ಅವರು ಅಂಗಿಯ ಗುಂಡಿಯನ್ನು ನೆನೆದು ಹೆಸರಿಟ್ಟಿದ್ದರು. ಕಟ್ಟಡದ ಮಿಕ್ಕವರಿಗೆ ರಸ್ತೆಯ ಗುಂಡಿಯೇ ನೆನಪಾಗುತ್ತಿತ್ತು, ಏಕೆಂದರೆ ಅವಳು ಇದ್ದ ಕಡೆ ಯಾರಾದರೊಬ್ಬರು ಬೀಳುತ್ತಿದ್ದರು. ಮನುಷ್ಯರ ಮಟ್ಟಿಗೆ ಬಲು ಸಾಧು. ಗಿರಾಕಿಗಳ ಪಾದದ ಮೇಲೆ ತಲೆಯಿಟ್ಟು ಮಲಗುವವಳು. ಇನ್ನೊಂದು ನಾಯಿ ಕಣ್ಣಿಗೆ ಬಿತ್ತೋ, ಮುಗಿಯಿತು. ನಡಿಗೆಯ ಹೊತ್ತಿಗೆ ನಡತೆ ಮಾಯ.

ಕೊನೆಗೆ ನಿವಾಸಿಗಳ ಸಂಘ ನೋಟಿಸು ಕೊಟ್ಟಿತು. ಸಂಘದ ಸಭೆಯಲ್ಲಿ ಬೊಗಳೆ ಬಿಡುವವರಿಗೆ ಯಾವ ಕಾಲಕ್ಕೂ ನೋಟಿಸಿಲ್ಲ, ಬೊಗಳುವವರಿಗೆ ಮಾತ್ರ ಉಂಟು. ತಿಂಗಳ ಕೊನೆಯ ಭಾನುವಾರ ಗುಂಡಿ ಅಂಗಳಕ್ಕೆ ಒಂದು ಸುತ್ತು ಬರಬೇಕು, ಎದುರಿನಿಂದ ಮಿಠಾಯಿ ಬರುತ್ತದೆ. ಬೊಗಳದೆ ದಾಟಿದರೆ ಉಳಿಯಬಹುದು, ಬೊಗಳಿದರೆ ಕಟ್ಟಡ ಬಿಡಬೇಕು. ಇದನ್ನು ಬರೆದ ಸೆಕ್ರೆಟರಿಯವರು ಕೆಟ್ಟವರೇನಲ್ಲ. ನಮ್ಮ ಕಟ್ಟಡದ ನಿಯಮಾವಳಿಯನ್ನು ಕೊನೆಯ ಪುಟದವರೆಗೂ ಓದಿದ ಏಕೈಕ ಮನುಷ್ಯ, ಅಷ್ಟೆ. ಅಷ್ಟೊಂದು ಓದಿದ ಮೇಲೆ ಯಾರಾದರೂ ಹಾಗೆಯೇ ಆಗುತ್ತಾರೆ.

ಪೆಟ್ಟು ಬಿದ್ದದ್ದು ಟೈಲರ್ ಹೆಂಡತಿಗೆ. ಎರಡು ವರ್ಷದ ಹಿಂದೆ ಆಕೆ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ದಿನಕ್ಕೆರಡು ಸಲ ನಡೆಯಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರೂ ಹೊಸ್ತಿಲು ದಾಟಲು ಮನಸ್ಸು ಬರುತ್ತಿರಲಿಲ್ಲ. ಆಗ ಬಾಗಿಲಿಗೆ ಬಂದ ಮರಿ ಈ ಗುಂಡಿ. ಹೆಂಡತಿ ನಡೆಯದಿದ್ದರೂ ನಾಯಿಯನ್ನು ನಡೆಸಬೇಕಲ್ಲ. ಹಾಗೆ ಇಬ್ಬರೂ ನಡೆದರು.

"ಇವಳನ್ನ ಕಳಿಸಿಬಿಟ್ರೆ ನಾನು ಚಪ್ಪಲಿ ಹಾಕೋದೇ ಬಿಟ್ಟುಬಿಡ್ತೀನಿ ಅಕ್ಕ" ಎಂದು ಆಕೆ ಕಂಡಕ್ಟರಮ್ಮನ ಬಾಗಿಲಲ್ಲಿ ನಿಂತು ಹೇಳಿದರು. ಅಳಲಿಲ್ಲ. ನಾಳೆ ಅಂಗಡಿಗೆ ರಜಾ ಎನ್ನುವ ಧಾಟಿಯಲ್ಲಿ ಹೇಳಿದರು. ಅದು ಕಂಡಕ್ಟರಮ್ಮನಿಗೆ ಅಳುವಿಗಿಂತ ಜೋರಾಗಿ ಕೇಳಿಸಿತು.

"ಇನ್ನೂ ಇಪ್ಪತ್ತಾರು ದಿನ ಇದೆ ತಂಗಿ. ಇಪ್ಪತ್ತಾರು ದಿನದಲ್ಲಿ ನಾನು ಡ್ರೈವರುಗಳನ್ನೇ ದಾರಿಗೆ ತಂದಿದೀನಿ. ಇದು ನಾಯಿ, ತಲೇಲಿ ಮೆದುಳಿದೆ."

ಕಂಡಕ್ಟರಮ್ಮ ಸಿಟಿ ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಟಿಕೆಟ್ ಹರಿದವರು. ಎತ್ತರ ಕಡಿಮೆ, ದನಿಯೂ ಕಡಿಮೆ. ಆ ದನಿಯಲ್ಲಿ "ಸ್ವಲ್ಪ ಒಳಗೆ ಹೋಗಿ" ಎಂದರೆ ಮಾತ್ರ, ಕಾನ್ವೆಂಟಿನ ಸಿಸ್ಟರ್ ಎದುರು ಸಿಕ್ಕಿಬಿದ್ದ ಮಕ್ಕಳಂತೆ ಗಂಡಸರೂ ಒಳಗೆ ಹೋಗುತ್ತಿದ್ದರು. ಯಜಮಾನರು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿನ ಮೌನವನ್ನು ಮನೆಗೂ ಎರವಲು ತಂದು ಇನ್ನೂ ಹಿಂದಿರುಗಿಸಿಲ್ಲ. ನಾಯಿಯ ವಿದ್ಯೆ ಕಂಡಕ್ಟರಮ್ಮನಿಗೆ ಬಂದದ್ದು ಸ್ವಂತ ತಂಗಿಯಿಂದ. ಮನೆ ಬದಲಿಸುವ ಗಡಿಬಿಡಿಯಲ್ಲಿ "ಎರಡು ದಿನ ಇಟ್ಕೊಳಕ್ಕ" ಎಂದು ಆಕೆ ಬಿಟ್ಟು ಹೋದ ನಾಯಿ ಹನ್ನೊಂದು ವರ್ಷದಿಂದ ಇಲ್ಲೇ ಇದೆ. ಬಂದಾಗ ರಸ್ತೆಗೆಲ್ಲ ರೌಡಿ. ಈಗ ಹೆಸರೇ ತಾತ. ಪಕ್ಕದಲ್ಲಿ ನಾಲ್ಕು ನಾಯಿ ಕುಸ್ತಿಯಾಡಿದರೂ ಒಂದೇ ಕಣ್ಣು ತೆರೆದು ನೋಡಿ ಮುಚ್ಚಿಕೊಳ್ಳುತ್ತದೆ. ಆ ರೌಡಿ ತಾತನಾದ ಬಗೆ ನೋಡಿ ಸುತ್ತಮುತ್ತಲಿನವರು ತಮ್ಮ ನಾಯಿಗಳನ್ನು ಕರೆತರತೊಡಗಿದರು. ಸಂಜೆ ಒಂದು ಗಂಟೆ ಪಾಠ. ಫೀಸು ಕೇಳಿದರೆ, "ನಿಮ್ಮ ನಾಯಿ ಬಾಯಿ ಮುಚ್ಚಿದ ಮೇಲೆ ನೀವು ಬಾಯಿ ಬಿಡಿ, ಆಗ ನೋಡೋಣ" ಎನ್ನುತ್ತಿದ್ದರು.

ಅವರ ಸಿದ್ಧಾಂತವೆಲ್ಲ ಬಸ್ಸಿನದು.

"ಬಸ್ಸಲ್ಲಿ ಜಗಳ ಬಾಯಿಂದ ಶುರುವಾಗಲ್ಲ" ಎಂದು ಪಾಠದ ಮೊದಲ ದಿನವೇ ಹೇಳುತ್ತಿದ್ದರು. "ಮೊದಲು ಕತ್ತು ಗಟ್ಟಿಯಾಗುತ್ತೆ. ಆಮೇಲೆ ಕಣ್ಣು ಒಂದೇ ಕಡೆ ನಿಲ್ಲುತ್ತೆ. ಆಗಲೇ ಒಬ್ಬರನ್ನ ಮುಂದಕ್ಕೆ, ಒಬ್ಬರನ್ನ ಹಿಂದಕ್ಕೆ ಕಳಿಸಿಬಿಟ್ರೆ ಇಬ್ಬರೂ ಸಭ್ಯಸ್ಥರು. ಬಾಯಿ ಬಿಟ್ಟ ಮೇಲೆ ಬುದ್ಧಿ ಹೇಳ್ತೀನಿ ಅಂದ್ರೆ ನಿಮಗೂ ಎರಡು ಬೀಳುತ್ತೆ."

ಹಳೆಯ ಚರ್ಮದ ಟಿಕೆಟ್ ಚೀಲದಲ್ಲಿ ಈಗ ಬೇಯಿಸಿದ ಕೋಳಿಯ ಚೂರುಗಳು. ಅಂಗಳದ ನೆಲದಲ್ಲಿ ಸೀಮೆಸುಣ್ಣದ ಗೆರೆಗಳು, ಒಂದೊಂದು ಗೆರೆಯೂ ಒಂದೊಂದು ಸ್ಟಾಪು. ಮೂವತ್ತು ಹೆಜ್ಜೆಯಾಚೆ ತಾತ ಮಲಗಿರುತ್ತದೆ. ಗುಂಡಿ ಅದನ್ನು ನೋಡಬೇಕು. ನೋಡಿದ ತಕ್ಷಣ, ಕತ್ತು ಗಟ್ಟಿಯಾಗುವ ಮೊದಲೇ, ಬಾಯಿಗೆ ಒಂದು ಚೂರು. ಇದಕ್ಕೆ ಅವರ ಭಾಷೆಯಲ್ಲಿ ಟಿಕೆಟ್ ಎಂದು ಹೆಸರು. ನಾಯಿ ಕಂಡಿತು, ಟಿಕೆಟ್ ಬಂತು. ಮತ್ತೆ ಕಂಡಿತು, ಮತ್ತೆ ಬಂತು. ಹೀಗೇ ನಡೆದರೆ ಗುಂಡಿ ಕೆಲವು ದಿನದಲ್ಲೇ ಇನ್ನೊಂದು ನಾಯಿ ಕಂಡರೆ ಜಗಳ ಮರೆತು, "ಎಲ್ಲಿ ನನ್ನ ಟಿಕೆಟ್?" ಎಂದು ಹಗ್ಗ ಹಿಡಿದವರ ಮುಖ ನೋಡಬೇಕು. ಆಗ ಒಂದು ಸ್ಟಾಪು ಮುಂದಕ್ಕೆ.

"ಬೊಗಳಿದ ಮೇಲೆ ಕೊಟ್ರೆ?" ಎಂದು ಟೈಲರ್ ಕೇಳಿದರು.

"ಬೊಗಳಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ. ಸಂಘದವರ ಹಾಗೆ ಮಾಡಬೇಡಿ."

ಮರ ಉರುಳಿದ ಮರುದಿನದಿಂದಲೇ ಕೆಲಸ ಸಾಗಿತು. ಮೂವತ್ತು ಹೆಜ್ಜೆ ಎರಡು ದಿನ. ಇಪ್ಪತ್ತನಾಲ್ಕು, ಇಪ್ಪತ್ತು, ಹದಿನಾರು. ಎಂಟನೆಯ ದಿನ ಹನ್ನೆರಡು. ಅಲ್ಲಿ ಬಸ್ಸು ಕೆಟ್ಟು ನಿಂತಿತು.

ವಿಚಿತ್ರವೆಂದರೆ ಹಗ್ಗ ಕಂಡಕ್ಟರಮ್ಮನ ಕೈಯಲ್ಲಿದ್ದಾಗ ಗುಂಡಿ ಏಳು ಹೆಜ್ಜೆಯವರೆಗೂ ಹೋಗಿ ತಾತನನ್ನು ನೋಡಿ ಆಕಳಿಸಿ ಬರುತ್ತಿದ್ದಳು. ಟೈಲರ್ ಕೈಗೆ ಕೊಟ್ಟರೆ ಹನ್ನೆರಡರಲ್ಲೇ ಬೆನ್ನಿನ ಕೂದಲು ನಿಗುರುತ್ತಿತ್ತು. ಅವರ ಹೆಂಡತಿ ಹಿಡಿದರೂ ಅದೇ ಕತೆ. ಹಗ್ಗವನ್ನು ಟೇಪಿನ ಹಾಗೆ ಕೈಗೆ ಸುತ್ತಿಕೊಳ್ಳುವ ಟೈಲರ್ ಅಭ್ಯಾಸವನ್ನು ಕಂಡಕ್ಟರಮ್ಮ ಬಿಡಿಸಿದರು. ಅವರ ಹೆಂಡತಿ ಉಸಿರು ಬಿಗಿಹಿಡಿಯುವುದನ್ನೂ ಬಿಡಿಸಿದರು. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು. ಹಗ್ಗದ ನಾಯಿಯ ತುದಿಯಲ್ಲಿ ತಪ್ಪಿಲ್ಲ ಎಂದಾದ ಮೇಲೆ ಮನುಷ್ಯರ ತುದಿಯನ್ನೇ ಇನ್ನಷ್ಟು ನೋಡಬೇಕು ಎಂದುಕೊಂಡು ಒಂದು ಬೆಳಿಗ್ಗೆ, ರವಿಕೆಯ ಬಟ್ಟೆಯ ನೆಪ ಹಿಡಿದು, ಟೈಲರ್ ಅಂಗಡಿಯಲ್ಲಿ ಹೋಗಿ ಕೂತರು.

ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆಯೇ. ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಮೇಜಿನ ಕೆಳಗೆ ಬಟ್ಟೆಯ ಚೂರುಗಳ ಗುಡ್ಡೆ, ಗುಡ್ಡೆಯ ಮೇಲೆ ನಿದ್ದೆ ಹೋದ ಗುಂಡಿ. ಒಬ್ಬ ಹೆಂಗಸು ಬಂದು ಟೈಲರ್ ಮುಂದೆ ನಿಂತರು.

"ಏನ್ರೀ, ಮೂರು ವಾರ ಆಯ್ತು. ನನ್ನ ಮಗಳ ಲಂಗ ಏನಾಯ್ತು?"

ಟೈಲರ್ ಕತ್ತರಿ ಕೆಳಗಿಟ್ಟು ಸಮಾಧಾನದ ದನಿಯಲ್ಲಿ ಹೇಳಿದರು. "ಏನಿಲ್ಲ, ಏನಿಲ್ಲಮ್ಮ. ನಾಳೆ ಸಂಜೆ ರೆಡಿ."

ಗುಂಡಿ ನಿದ್ದೆಯಿಂದ ಛಂಗನೆ ನೆಗೆದು, ಬೆನ್ನು ನಿಗುರಿಸಿ, ಬಾಗಿಲಿನ ಕಡೆ ತಿರುಗಿ ಬೊಗಳಿದಳು. ಬಾಗಿಲಲ್ಲಿ ನಾಯಿಯಿರಲಿ, ಒಂದು ನೊಣವೂ ಇರಲಿಲ್ಲ.

"ನೋಡಿ, ನಿಮ್ಮ ಸುಳ್ಳಿಗೆ ನಾಯೀನೂ ಒಪ್ಪಲ್ಲ!" ಎಂದು ಆ ಹೆಂಗಸು ನಗುತ್ತಾ ಹೋದರು.

"ಎಲ್ಲ ಗಿರಾಕಿಗಳೂ ಇದೇ ತಮಾಷೆ ಮಾಡ್ತಾರೆ" ಎಂದು ಟೈಲರ್ ಪೆಚ್ಚಾಗಿ ನಕ್ಕರು.

ಕಂಡಕ್ಟರಮ್ಮ ನಗಲಿಲ್ಲ. ಗುಂಡಿ ಮತ್ತೆ ಮಲಗುವವರೆಗೆ ಕಾದರು. ಕಣ್ಣು ಪೂರಾ ಮುಚ್ಚಿದ ಮೇಲೆ ಗೋಡೆಯ ಕಡೆ ನೋಡುತ್ತಾ, ಯಾರಿಗೂ ಹೇಳದವರಂತೆ ಅಂದರು. "ಏನಿಲ್ಲ."

ಗುಂಡಿ ಮತ್ತೆ ಬಾಗಿಲಲ್ಲಿದ್ದಳು, ಭೌ ಎನ್ನುತ್ತಾ.

"ಸಿಕ್ತು" ಎಂದರು ಕಂಡಕ್ಟರಮ್ಮ. "ರೀ ಟೈಲರೇ, ಹೊರಗೆ ಹೋದಾಗ ಇನ್ನೊಂದು ನಾಯಿ ಬಂದ್ರೆ ಇವಳಿಗೆ ಏನು ಹೇಳ್ತೀರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮರಿಯಾಗಿದ್ದಾಗ ಒಂದು ದೊಡ್ಡ ನಾಯಿ ಗುಂಡಿಯ ಮೇಲೆ ಎಗರಿತ್ತು. ಅಂದಿನಿಂದ ದೂರದಲ್ಲಿ ನಾಯಿ ಕಂಡರೆ ಸಾಕು, ಗುಂಡಿಗಿಂತ ಮೊದಲು ಇವರಿಗೇ ಎದೆ ಹೊಡೆದುಕೊಳ್ಳುತ್ತಿತ್ತು. ಸಮಾಧಾನಕ್ಕೆಂದು ಇಬ್ಬರೂ ಹೇಳುತ್ತಾ ಬಂದದ್ದು ಇದೊಂದೇ ಮಾತು. ದಿನಕ್ಕೆರಡು ಸಲ, ಎರಡು ವರ್ಷ, ಬಲು ಪ್ರೀತಿಯಿಂದ, ಅವಳ ಕಿವಿಗಷ್ಟೇ ಕೇಳುವಂತೆ.

"ಒಂದು ದಿನ ನಮ್ಮ ಡ್ರೈವರು ಹಿಂದಕ್ಕೆ ತಿರುಗಿ, 'ಯಾರೂ ಗಾಬರಿಯಾಗಬೇಡಿ' ಅಂದ" ಎಂದು ಕಂಡಕ್ಟರಮ್ಮ ಹೇಳಿದರು. "ಅಲ್ಲಿವರೆಗೂ ತೂಕಡಿಸ್ತಿದ್ದ ಜನ ಕಿಟಕಿಯಿಂದ ಹಾರೋಕೆ ಹೊರಟರು. ಆಗಿದ್ದೇನು? ಬರೀ ವೈಪರ್ ಕೆಟ್ಟಿತ್ತು. ನಿಮ್ಮದೂ ಅದೇ. ಇವಳ ಲೆಕ್ಕದಲ್ಲಿ 'ಏನಿಲ್ಲ' ಅಂದ್ರೆ 'ಶತ್ರು ಬಂದ, ಎದ್ದೇಳು' ಅಂತ. ಪಾಪ, ಹೇಳಿದ ಕೆಲಸ ಮಾಡ್ತಿದಾಳೆ, ನೀವು ಬೈತಿದೀರಿ."

"ಅದಕ್ಕೇ!" ಎಂದು ಹೆಂಡತಿ ಥಟ್ಟನೆ ಗಂಡನ ಕಡೆ ತಿರುಗಿದರು. "ರಾತ್ರಿ ಊಟಕ್ಕೆ ಕೂತಾಗ ಯಾಕೆ ಸಪ್ಪಗಿದೀರಿ ಅಂತ ನಾನು ಕೇಳೋದು, ನೀವು ಏನಿಲ್ಲ ಅನ್ನೋದು, ಇವಳು ಬೊಗಳೋದು!"

"ನಂಗೆ ನಾಯಿಪಾಡು ಅಂತ ಸುಮ್ಮನೆ ಹೇಳ್ತೀನಾ?" ಎಂದರು ಟೈಲರ್.

'ಏನಿಲ್ಲ' ಎಂಬ ಮಾತಿಗೆ ಅಂದಿನಿಂದ ಮನೆಯಲ್ಲೂ ಬೀದಿಯಲ್ಲೂ ನಿಷೇಧ ಬಿತ್ತು. ಬಾಯಿ ಮುಚ್ಚಿಕೊಂಡು ನಡೆಯುವುದು, ನಾಯಿ ಕಂಡರೆ ಟಿಕೆಟ್ ಕೊಡುವುದು, ಇಷ್ಟೇ. ಹೆಂಡತಿ ಒಂದೇ ದಿನದಲ್ಲಿ ಸುಧಾರಿಸಿದರು. ಟೈಲರ್ ಕೈಲಿ ಮಾತ್ರ ಆಗಲಿಲ್ಲ. ಮೂವತ್ತು ವರ್ಷ ಗಿರಾಕಿಗಳಿಗೆ ಆ ಮಾತಿನಿಂದಲೇ ಬಟ್ಟೆ ಹೊಲಿದುಕೊಟ್ಟ ಬಾಯಿ ಅದು, ನಾಯಿ ಕಂಡ ಕೂಡಲೇ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಕಂಡಕ್ಟರಮ್ಮ ಎರಡು ದಿನ ನೋಡಿದರು. ಮೂರನೆಯ ದಿನ ಟೈಲರ್ ಕೊರಳಲ್ಲಿ ಸದಾ ನೇತಾಡುವ ಅಳತೆಯ ಟೇಪಿನ ತುದಿಯನ್ನೆತ್ತಿ, "ಇದನ್ನ ಕಚ್ಕೊಳ್ಳಿ" ಎಂದರು.

"ಬೀದೀಲಾ?"

"ಅಳತೆ ತಗೊಳ್ಳೋವಾಗ ಕಚ್ಕೊಳ್ಳಲ್ವಾ? ಇದೂ ಅಳತೇನೇ. ಹನ್ನೆರಡು ಹೆಜ್ಜೆ ಎಂಟಾಗಬೇಕು."

ಹಲ್ಲಿನ ನಡುವೆ ಹಳದಿ ಟೇಪು ಕಚ್ಚಿಕೊಂಡು, ಕೈಯಲ್ಲಿ ನಾಯಿ ಹಿಡಿದುಕೊಂಡು ಟೈಲರ್ ಬೀದಿಯಲ್ಲಿ ನಡೆಯತೊಡಗಿದರು. ಜನ ನಿಂತು ನೋಡಿದರು. ಕೆಲವರು ನಾಯಿಗೆ ದಾರಿ ಬಿಡುವ ಬದಲು ಟೈಲರಿಗೇ ದಾರಿ ಬಿಟ್ಟರು. ಆದರೆ ಹನ್ನೆರಡು ಹತ್ತಾಯಿತು, ಎಂಟಾಯಿತು, ಆರಾಯಿತು. ಕೊನೆಯ ಶುಕ್ರವಾರ ಗುಂಡಿ ತಾತನ ಬಾಲಕ್ಕೆ ನಾಲ್ಕೇ ಹೆಜ್ಜೆ ದೂರದಲ್ಲಿ ದಾಟಿಹೋಗಿ, ತಿರುಗಿ ಟೈಲರ್ ಮುಖ ನೋಡಿ ಟಿಕೆಟ್ ಕೇಳಿದಳು.

ಭಾನುವಾರ ಹತ್ತು ಗಂಟೆಗೆ ಅಂಗಳ ತುಂಬಿತು. ಹೆಂಡತಿ ತನ್ನ ಕೈಲಾಗದು ಎಂದುಬಿಟ್ಟಿದ್ದರಿಂದ ಹಗ್ಗವನ್ನು ಟೈಲರೇ ಹಿಡಿದರು, ಬಾಯಲ್ಲಿ ಟೇಪು. ಕಂಡಕ್ಟರಮ್ಮ ನೀರಿನ ತೊಟ್ಟಿಯ ಗೋಡೆಗೆ ಒರಗಿ, ಕೈಕಟ್ಟಿ, ಗಲ್ಲ ಎತ್ತಿ ನಿಂತರು. ಅವರ ಮುಖ ನೋಡಿದವರಿಗೆ ಅರ್ಧ ಧೈರ್ಯ ತಾನಾಗಿಯೇ ಬಂತು. ಆ ತುದಿಯಿಂದ ಸೆಕ್ರೆಟರಿಯವರು ಮಿಠಾಯಿಯನ್ನು ಹಿಡಿದುಕೊಂಡು ಹೊರಟರು, ಈ ತುದಿಯಿಂದ ಟೈಲರ್. ಇಪ್ಪತ್ತು ಹೆಜ್ಜೆ. ಗುಂಡಿ ನೋಡಿದಳು, ಟಿಕೆಟ್ ಪಡೆದಳು. ಹದಿನೈದು, ಟಿಕೆಟ್. ಹತ್ತು, ಟಿಕೆಟ್.

ಆರು ಹೆಜ್ಜೆ ಬಾಕಿಯಿರುವಾಗ ಸೆಕ್ರೆಟರಿಯವರು ನಿಂತುಬಿಟ್ಟರು. ನಿಯಮಾವಳಿಯಲ್ಲಿ ಇಲ್ಲದ ಒಂದು ವಸ್ತು ಅವರ ಕಣ್ಣಿಗೆ ಬಿದ್ದಿತ್ತು.

"ಅದೇನ್ರೀ ನಿಮ್ಮ ಬಾಯಲ್ಲಿ?"

ಅಂಗಳಕ್ಕೆ ಅಂಗಳವೇ ಉಸಿರು ಹಿಡಿಯಿತು. ಆ ಪ್ರಶ್ನೆಗೆ ಭೂಮಿಯ ಮೇಲಿನ ಯಾವ ಮನುಷ್ಯನಾದರೂ ಕೊಡುವ ಉತ್ತರ ಒಂದೇ. ಟೈಲರ್ ಬಾಯಿಂದ ಟೇಪು ತೆಗೆದರು. ತುಟಿ ಅದೇ ಮಾತಿಗೆ ಅಗಲವಾಯಿತು, 'ಏ' ಎಂಬಷ್ಟು ಬಂದೂ ಬಿಟ್ಟಿತು. ಅವರು ಹಣೆಯ ಬೆವರು ಒರೆಸಿಕೊಂಡು, ನುಂಗಿಕೊಂಡು, ತುಂಬ ಕಷ್ಟಪಟ್ಟು ಹೇಳಿದರು.

"ಟೇಪು."

ಹೋದ ಜೀವ ಬಂದ ಹಾಗಾಯಿತು. ಟೈಲರ್ ಮತ್ತೆ ಟೇಪು ಕಚ್ಚಿಕೊಂಡು ಹೆಜ್ಜೆಯಿಟ್ಟರು. ಐದು, ನಾಲ್ಕು. ಅಷ್ಟರಲ್ಲಿ ಮಿಠಾಯಿಗೇ ತಡೆಯಲಾಗಲಿಲ್ಲ. ಇಷ್ಟು ದಿನ ದೂರದಿಂದ ಬೈಗುಳ ತಿಂದ ನಾಯಿ ಅದು, ಎದುರಾಳಿ ಹೀಗೆ ಸುಮ್ಮನೆ ಬರುತ್ತಿರುವುದು ಅದಕ್ಕೆ ಸಹಿಸಲಾಗಲಿಲ್ಲವೋ ಏನೋ, ಸಣ್ಣಗೆ ಗುರ್ ಎಂದಿತು. ಸೆಕ್ರೆಟರಿಯವರು ಬಗ್ಗಿ ಅದರ ತಲೆ ಸವರಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಏನಿಲ್ಲ ಪುಟ್ಟ, ಏನಿಲ್ಲ, ಏನಿಲ್ಲ."

ಒಂದಲ್ಲ, ಮೂರು ಸಲ. ಟೈಲರ್ ಬಾಯಿಂದ ಟೇಪು ಜಾರಿತು. ಗುಂಡಿಯ ಎರಡು ಕಿವಿಯೂ ಕಡ್ಡಿಯಂತೆ ನಿಂತವು, ಕತ್ತು ಮಿಠಾಯಿಯ ಕಡೆ ತಿರುಗಿತು. ನೀರಿನ ತೊಟ್ಟಿಯ ಹತ್ತಿರ ಕಂಡಕ್ಟರಮ್ಮ ಮಾತ್ರ ಇದ್ದಂತೆಯೇ ಇದ್ದರು. ಒಂದು ಬೆರಳೂ ಅಲುಗಲಿಲ್ಲ.

ಗುಂಡಿ ಮಿಠಾಯಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಟೈಲರ್ ಮುಖ ನೋಡಿದಳು. ಬಾಲವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬೀಸಿ, ಬಾಯಿ ತೆರೆದಳು. ಬೊಗಳಲಿಕ್ಕಲ್ಲ, ಟಿಕೆಟ್ಟಿಗೆ. ಟೈಲರ್ ಇದ್ದ ಚೂರುಗಳನ್ನೆಲ್ಲ ಒಟ್ಟಿಗೇ ಕೊಟ್ಟರು. ಎರಡು ನಾಯಿಗಳೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ದಾಟಿಕೊಂಡು ಹೋದವು. ಸೆಕ್ರೆಟರಿಯವರು ಜೇಬಿನಿಂದ ಪೆನ್ನು ತೆಗೆದು ನೋಟಿಸಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಸಹಿ ಹಾಕಿ, ತಾರೀಕು ಬರೆದರು. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು.

ಜನ ಕರಗಿದ ಮೇಲೆ ಟೈಲರ್ ಹೆಂಡತಿ ಗುಂಡಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವಳ ಕಿವಿಯ ಹಿಂದೆ ತುರಿಸುತ್ತಾ ಹೇಳಿದರು.

"ಅಕ್ಕ, ಒಂದು ತಪ್ಪು ಮಾಡಿದೀನಿ. ಆ ಮಾತು ಮನೇಲಿ ಆಡಲೇಬಾರದು ಅಂದಿದ್ರಿ. ನಾನು ಆಡಿದೆ. ಇವರು ಇಲ್ಲದಾಗ ಮೆಷಿನ್ ಮುಂದೆ ಕೂತು ಮೆಲ್ಲಗೆ ಏನಿಲ್ಲ ಅನ್ನೋದು, ಬೊಗಳೋದ್ರೊಳಗೆ ಬಾಯಿಗೆ ಒಂದು ಚೂರು ಹಾಕೋದು. ದಿನಕ್ಕೆ ನೂರು ಸಲ. ನಮ್ಮ ಬಾಯಿಗೇನೋ ಟೇಪು ಕಚ್ಚಿಸಿದ್ರಿ, ಊರಿನವರಿಗೆಲ್ಲ ಕಚ್ಚಿಸೋಕಾಗುತ್ತಾ?"

"ನಾಳೆಯಿಂದ ಸಂಜೆ ಪಾಠಕ್ಕೆ ನೀನೂ ಬಾ ತಂಗಿ. ಕಲಿಯೋಕಲ್ಲ, ಕಲಿಸೋಕೆ" ಎಂದರು ಕಂಡಕ್ಟರಮ್ಮ. "ಚಪ್ಪಲಿ ಹಾಕ್ಕೊಂಡು ಬಾ."

ಟೈಲರಿಗೆ ಇನ್ನೂ ಒಂದು ಅರ್ಥವಾಗಿರಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ ಕೇಳಿದರು.

"ನನ್ನ ಹೆಂಡತಿ ಹೀಗೆ ಕಲಿಸಿದ್ದು ನಿಮಗೂ ಗೊತ್ತಿರಲಿಲ್ಲ. ನನಗಂತೂ ಕೈಕಾಲೇ ಬಿದ್ದುಹೋಗಿತ್ತು. ನೀವು ಮಾತ್ರ ಕಲ್ಲಿನ ಹಾಗೆ ನಿಂತಿದ್ರಿ ಅಕ್ಕ. ಅವರು ಆ ಮಾತು ಅಂದಾಗ ಅಷ್ಟೊಂದು ಧೈರ್ಯ ಬರೋ ಅಂಥದ್ದು ಗುಂಡಿ ಮುಖದಲ್ಲಿ ಏನು ಕಾಣಿಸ್ತು ನಿಮಗೆ?"

ಕಂಡಕ್ಟರಮ್ಮ ಚರ್ಮದ ಚೀಲದ ಬಾಯಿ ಮುಚ್ಚಿ ಹೆಗಲಿಗೇರಿಸಿಕೊಂಡರು.

"ಏನು ಕಾಣಿಸುತ್ತೆ? ಕಣ್ಣು ಮುಚ್ಕೊಂಡಿದ್ದೆ."